ಬರ್ಲಿನ್ ಡ್ರಾ
"ಎಂತಾತೋ ತಮಾ?"
"ಡ್ರಾ ಆತು. ಅಂವ ಬರ್ಲಿನ್ ಆಡ್ದ."

ಶಿರಸಿಯಲ್ಲಿ ಮಕ್ಕಳ ಚೆಸ್ ಟೂರ್ನಮೆಂಟ್ ನಡೆದರೆ ಹಾಲ್‌ನ ಹೊರಗೆ ಕಿವಿಗೆ ಬೀಳಬಹುದಾದ ಮಾತು ಇದು. ಹತ್ತೇ ನಿಮಿಷಕ್ಕೆ ಎದ್ದುಬಂದ ಹುಡುಗನೂ ಹೀಗೇ ಹೇಳಬಹುದು, ಮೂರು ತಾಸು ತಲೆ ಕೆಡಿಸಿಕೊಂಡು ಬಂದವನೂ ಹೇಳಬಹುದು. ಇಬ್ಬರಿಗೂ ಅರ್ಧ ಪಾಯಿಂಟೇ. ಆದರೆ ಆಟ ಬೇರೆ ಬೇರೆ.

ಬರ್ಲಿನ್ ಎಂದರೆ ಕಪ್ಪು ಕಾಯಿ ಹಿಡಿದವರು ಆಟದ ಆರಂಭದಲ್ಲಿ ಆಡುವ ಒಂದು ಬಗೆ. ಶುರು ಸರಳ. ಇಬ್ಬರೂ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿ, ಒಂದೊಂದು ಕುದುರೆ ಹೊರತರುತ್ತಾರೆ. ಬಿಳಿಯ ಒಂಟೆ ಬಿ5 ಮನೆಗೆ (ಅಕ್ಷರ ಉದ್ದ ಸಾಲಿಗೆ, ಅಂಕಿ ಅಡ್ಡ ಸಾಲಿಗೆ) ಬಂದರೆ ರುಯ್ ಲೋಪೆಝ್ ಎಂಬ ಆರಂಭ. ಉತ್ತರವಾಗಿ ಕಪ್ಪು ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತಂದರೆ ಬರ್ಲಿನ್ ಡಿಫೆನ್ಸ್. ಬಿಳಿ ಕ್ಯಾಸ್ಲಿಂಗ್ ಮಾಡುತ್ತದೆ (ಒಂದೇ ನಡೆಯಲ್ಲಿ ರಾಜನನ್ನು ಮೂಲೆಯತ್ತ ಸರಿಸಿ, ಆನೆಯನ್ನು ಪಕ್ಕಕ್ಕೆ ತರುವುದು), ಕಪ್ಪು ಕುದುರೆ ಇ4ರ ಕಾಲಾಳನ್ನು ಹೊಡೆಯುತ್ತದೆ. ಬಿಳಿ ಡಿ4 ಆಡಿದಾಗ ಆ ಕುದುರೆ ಡಿ6ಕ್ಕೆ ಹಿಂದೆ ಸರಿಯುತ್ತದೆ. ಇಲ್ಲಿ ದಾರಿ ಕವಲೊಡೆಯುತ್ತದೆ.

ಒಂದು ದಾರಿಯಲ್ಲಿ ಬಿಳಿ ಒಂಟೆ ಸಿ6ರ ಕುದುರೆಯನ್ನು ಹೊಡೆಯುತ್ತದೆ. ಎಂಟನೇ ನಡೆಗೆ ಎರಡೂ ರಾಣಿಯರು ಹಲಗೆಯಿಂದ ಹೊರಗೆ. ಕಪ್ಪು ರಾಜನಿಗೆ ಇನ್ನು ಕ್ಯಾಸ್ಲಿಂಗ್ ಇಲ್ಲ, ಸಿ ಸಾಲಿನಲ್ಲಿ ಕಾಲಾಳುಗಳು ಒಂದರ ಹಿಂದೊಂದು. ನೋಡಿದವರು ಬಿಳಿಯದೇ ಮೇಲುಗೈ ಎನ್ನುತ್ತಾರೆ. ಉಳಿದ ಕಾಯಿಗಳೆಲ್ಲ ಹೋಗಿ ಬರೀ ಕಾಲಾಳುಗಳು ಉಳಿದರೆ ಅದು ನಿಜವೂ ಹೌದು. ಹಾಗಾಗಿ ಡ್ರಾ ಆದರೆ ಸಾಕು ಎಂದು ಕೂತ ಕಪ್ಪೇ ಕಾಯಿ ಬದಲಿಸಿಕೊಳ್ಳಲು ಹಿಂಜರಿಯಬೇಕು! ಅದರ ಬಂಡವಾಳ ಜೋಡಿ ಒಂಟೆ, ಜತೆಗೆ ಸುಲಭಕ್ಕೆ ಒಳನುಗ್ಗಲು ಜಾಗವೇ ಕೊಡದ ಸ್ಥಿತಿ. 2000ರಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದಲ್ಲಿ ಕ್ರಾಮ್ನಿಕ್ ಆಗಿನ ಚಾಂಪಿಯನ್ ಕ್ಯಾಸ್ಪರೋವ್ ಎದುರು ನಾಲ್ಕು ಸಲ ಬರ್ಲಿನ್ ಆಡಿದರು, ನಾಲ್ಕೂ ಡ್ರಾ. ಇಡೀ ಪಂದ್ಯದಲ್ಲಿ ಒಂದು ಆಟವನ್ನೂ ಗೆಲ್ಲಲಾಗದೆ ಕ್ಯಾಸ್ಪರೋವ್ 6.5–8.5ರಿಂದ ಪಟ್ಟ ಕಳೆದುಕೊಂಡರು. 'ಬರ್ಲಿನ್ ಗೋಡೆ' ಎಂಬ ಹೆಸರು ಮನೆಮಾತಾದದ್ದು ಆಗ.

ಇನ್ನೊಂದು ದಾರಿಯಲ್ಲಿ ಬಿಳಿ ಆರನೇ ನಡೆಗೆ ಒಂಟೆಯನ್ನು ಬಿಟ್ಟುಕೊಟ್ಟು ಇ5ರ ಕಾಲಾಳನ್ನು ಹೊಡೆಯುತ್ತದೆ. ಪಟಪಟನೆ ಕಾಯಿಗಳು ಬದಲಾಗುತ್ತವೆ. ಬಿಳಿ ರಾಣಿ ಇ4ರಿಂದ ಚೆಕ್ ಕೊಡುತ್ತಾಳೆ, ಕಪ್ಪು ರಾಣಿ ಇ6ರಲ್ಲಿ ಅಡ್ಡ ಬರುತ್ತಾಳೆ, ಇಬ್ಬರೂ ಹಿಂದಿನ ಮನೆಗೆ ಮರಳುತ್ತಾರೆ. ಮತ್ತೆ ಅದೇ. ಒಂದೇ ಸ್ಥಿತಿ ಮೂರು ಸಲ ಬಂದು 14ನೇ ನಡೆಗೆ ಡ್ರಾ. ಮಾತಾಡಿಕೊಂಡು ಡ್ರಾ ಮಾಡಬಾರದು ಎಂಬ ನಿಯಮವಿರುವ ಟೂರ್ನಮೆಂಟಿನಲ್ಲೂ ಇದು ನಡೆಯುತ್ತದೆ. ಚೆಸ್ ಮಂದಿ 'ಬರ್ಲಿನ್ ಡ್ರಾ' ಎಂದು ಮೂಗು ಮುರಿಯುವುದು ಹೆಚ್ಚಾಗಿ ಇದಕ್ಕೇ. ಕಪ್ಪನ್ನು ಬಯ್ದು ಉಪಯೋಗವಿಲ್ಲ, ಎರಡನೆಯವರಾಗಿ ಆಡುವವರಿಗೆ ಅರ್ಧ ಪಾಯಿಂಟ್ ಲಾಭವೇ. ಈ ದಾರಿ ಹಿಡಿದದ್ದು ಬಿಳಿ.

ಎರಡೂ ಬೇಡವೆನ್ನುವ ಬಿಳಿ ಆಟಗಾರರು ನಾಲ್ಕನೇ ನಡೆಯಲ್ಲೇ ಡಿ3 ಆಡಿ ಇ4ರ ಕಾಲಾಳನ್ನು ಕಾಯ್ದುಕೊಳ್ಳುತ್ತಾರೆ. ಆಗ ರಾಣಿಯರು ಹಲಗೆಯ ಮೇಲೇ ಉಳಿದು, ಆಟ ನಿಧಾನಕ್ಕೆ ಬೆಳೆಯುತ್ತದೆ.