ವಾಲ್ಕಿರಿಗಳು ಹೆಣೆಯಲಿಲ್ಲ, ನೇಯ್ದರು

ಕೈಯಲ್ಲಿ ಎರಡು ಕಡ್ಡಿ ಹಿಡಿದು ಐಸ್‌ಲ್ಯಾಂಡಿನ ಉಣ್ಣೆಯಲ್ಲಿ ಸ್ವೆಟರ್ ಹೆಣೆಯುವ ವಾಲ್ಕಿರಿ! ಕೇಳೋಕೆ ಚೆನ್ನಾಗಿದೆ, ಆದರೆ ಲೆಕ್ಕ ತಾಳೆಯಾಗುವುದಿಲ್ಲ. ಐಸ್‌ಲ್ಯಾಂಡಿಗೆ ಹೆಣಿಗೆ ಬಂದಿದ್ದೇ 16ನೇ ಶತಮಾನದಲ್ಲಿ. ಅಷ್ಟೊತ್ತಿಗೆ ಆ ದೇಶ ಕ್ರೈಸ್ತವಾಗಿ ಐನೂರು ವರ್ಷ ಕಳೆದಿತ್ತು. ಯುದ್ಧದಲ್ಲಿ ಯಾರು ಸಾಯಬೇಕು ಅಂತ ವೈಕಿಂಗರ ಓಡಿನ್ ದೇವರಿಗಾಗಿ ಆರಿಸುವ ವಾಲ್ಕಿರಿ ಎಂಬ ಈ ಹೆಣ್ಣುಗಳು ಬರೀ ಕಥೆಯಲ್ಲಿ ಉಳಿದಿದ್ದರು.

ಅವರ ಮುಂದಿದ್ದದ್ದು ಮಗ್ಗ. ಐಸ್‌ಲ್ಯಾಂಡಿನ ಹಳೆಯ ಗದ್ಯಕಥೆ, 13ನೇ ಶತಮಾನದ ನ್ಯಾಲ್‌ನ ಸಾಗಾದಲ್ಲಿ ಒಂದು ಪ್ರಸಂಗವಿದೆ. 1014ರ ಗುಡ್ ಫ್ರೈಡೇ, ಡಬ್ಲಿನ್ ಹತ್ತಿರ ಕ್ಲಾಂಟಾರ್ಫ್ ಯುದ್ಧದ ದಿನ. ಸ್ಕಾಟ್ಲೆಂಡಿನ ಕೇತ್ನೆಸ್‌ನಲ್ಲಿ ಒಬ್ಬಾತ, ಕುದುರೆ ಏರಿ ಬಂದ ಹನ್ನೆರಡು ಜನ ಒಂದು ಮನೆಯೊಳಗೆ ಹೋಗಿದ್ದನ್ನು ಕಂಡು ಕಿಟಕಿಯಲ್ಲಿ ಇಣುಕುತ್ತಾನೆ. ಒಳಗೆ ಹೆಂಗಸರು ಮಗ್ಗ ಹೂಡಿದ್ದಾರೆ. ಹಾಸಿಗೂ (ಉದ್ದದ ಎಳೆ) ಹೊಕ್ಕಿಗೂ (ಅಡ್ಡ ಎಳೆ) ಮನುಷ್ಯರ ಕರುಳು, ಎಳೆ ಬಿಗಿಯಾಗಿರಲು ಕೆಳಗೆ ತೂಗುಬಿಟ್ಟ ರುಂಡಗಳು, ಹೊಕ್ಕು ಬಡಿಯಲು ಕತ್ತಿ! ಹಾಡುತ್ತಾ ನೇಯ್ದು, ಕೊನೆಗೆ ಬಟ್ಟೆ ಹರಿದು, ಕೈಯಲ್ಲಿದ್ದ ಚೂರು ಹಿಡಿದುಕೊಂಡೇ ಆರು ಜನ ದಕ್ಷಿಣಕ್ಕೆ, ಆರು ಜನ ಉತ್ತರಕ್ಕೆ ಹೋಗುತ್ತಾರೆ.

ಮೈ ಜುಮ್ಮೆನ್ನುತ್ತದೆ, ಅಲ್ವಾ? ಆದರೆ ರುಂಡದ ಜಾಗದಲ್ಲಿ ಕಲ್ಲು ಕಟ್ಟಿ ನೋಡಿ, ಅದು ಅಂದಿನ ಐಸ್‌ಲ್ಯಾಂಡಿನ ಹಳ್ಳಿಮನೆಯ ಮಗ್ಗವೇ. ಗೋಡೆಗೆ ಒರಗಿಸಿದ ಚೌಕಟ್ಟು, ಹಾಸಿನ ತುದಿಗೆ ಕಲ್ಲು, ಮೇಲಿನಿಂದ ಕೆಳಕ್ಕೆ ನೇಯ್ಗೆ, ಹೊಕ್ಕನ್ನು ಮೇಲಕ್ಕೆ ಬಡಿಯಲು ಕತ್ತಿಯಾಕಾರದ ಪಟ್ಟಿ. ಹೆಂಗಸರು ನಿಂತೇ ನೇಯಬೇಕಿತ್ತು. ಅವರು ನೇಯ್ದ ವದ್‌ಮಾಲ್ ಎಂಬ ಉಣ್ಣೆ ಬಟ್ಟೆ ಸುಮ್ನೆ ಉಡುವ ಬಟ್ಟೆಯಲ್ಲ, ಅದೇ ದುಡ್ಡು. ಮೊಳದ ಲೆಕ್ಕದಲ್ಲಿ ಅಳೆದು ಸಾಲ ತೀರಿಸುತ್ತಿದ್ದರು, ನಾರ್ವೆಗೂ ಕಳಿಸುತ್ತಿದ್ದರು. ಹಾಡು ಕಟ್ಟಿದವರು ಹೋಲಿಕೆಗೆ ದೂರ ಹೋಗಬೇಕಾಗಿರಲಿಲ್ಲ ಅಂತ ನನ್ನ ಅನಿಸಿಕೆ.

ಐಸ್‌ಲ್ಯಾಂಡಿನ ಕುರಿ ಮಾತ್ರ ಇಂದಿಗೂ ಅಂದಿನ ತಳಿಯೇ. 9ನೇ ಶತಮಾನದಲ್ಲಿ ವಲಸೆ ಬಂದವರು ಹಡಗಿನಲ್ಲಿ ತಂದದ್ದು. ಅದಕ್ಕೆ ಎರಡು ಪದರದ ತುಪ್ಪಳ: ಹೊರಗೆ ಉದ್ದನೆಯ, ಒರಟಾದ, ನೀರು ಜಾರಿಸುವ ತೋಗ್, ಒಳಗೆ ಮೆತ್ತನೆಯ, ಬೆಚ್ಚನೆಯ ಥೆಲ್. ಹಿಂದೆ ಇವೆರಡನ್ನೂ ಕೈಯಲ್ಲೇ ಬೇರ್ಪಡಿಸುತ್ತಿದ್ದರು. ಇಂದು ಹೆಣಿಗೆಗೆ ಬಳಸುವ ಲೋಪಿ ಎಂಬ ಐಸ್‌ಲ್ಯಾಂಡಿನ ಉಣ್ಣೆ ಎಳೆಯಲ್ಲಿ ಎರಡೂ ಬೆರೆತಿರುತ್ತವೆ. ಕುತ್ತಿಗೆ ಸುತ್ತ ಚಿತ್ತಾರವಿರುವ ಪ್ರಸಿದ್ಧ ಲೋಪಾಪೇಸಾ ಸ್ವೆಟರ್ ವೈಕಿಂಗರದ್ದೇ ಎಂದು ನಂಬುವವರಿದ್ದಾರೆ. ಅದು ಹುಟ್ಟಿದ್ದು 20ನೇ ಶತಮಾನದ ಮಧ್ಯದಲ್ಲಿ.

ಲೋಪಿಯಲ್ಲಿ ನೂಲದೇ ಬಿಟ್ಟ ಬಗೆಯೂ ಉಂಟು. ಅದರ ಎಳೆ ಹಿಡಿದು ಸ್ವಲ್ಪ ಜಗ್ಗಿದರೆ ಸಾಕು, ಸದ್ದಿಲ್ಲದೆ ಬಿಟ್ಟುಕೊಳ್ಳುತ್ತದೆ. ಎರಡೂ ತುದಿ ಒಂದರ ಮೇಲೊಂದಿಟ್ಟು, ಚೂರು ಒದ್ದೆ ಮಾಡಿ ಅಂಗೈಯಲ್ಲಿ ಉಜ್ಜಿದರೆ ಮತ್ತೆ ಕೂಡಿಕೊಳ್ಳುತ್ತದೆ. ಹೆಣೆಯಲು ಇಷ್ಟು ಸಾಕು. ಕಲ್ಲು ಕಟ್ಟಿದ ಆ ಮಗ್ಗಕ್ಕೆ ಇದನ್ನು ಹಾಸಾಗಿ ಹಾಕಿದ್ದರೆ, ಕಲ್ಲು ನೇರ ಕಾಲ ಮೇಲೆ!