ಸಂಗೀತ ಕಾಲೇಜಿಗೆ ಬಂತು, ರಚನೆ ಹೊರಗೇ ಉಳಿಯಿತು

ಬೆಂಗಳೂರಿನಲ್ಲಿ ಪಿಯುಸಿ ಮುಗಿಸಿದ ಹುಡುಗಿ ಡಿಗ್ರಿಗೆ ಸಂಗೀತ ತಗೊಳ್ತೀನಿ ಅಂದರೆ, ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಕೆಲಸದ್ದು. ಅದು ಸಹಜ. ಆದರೆ ಯಾರೂ ಅಷ್ಟಾಗಿ ಕೇಳದ ಇನ್ನೊಂದು ಪ್ರಶ್ನೆ ಇದೆ. ಅವಳು ಅಲ್ಲಿ ಕಲಿಯುವುದು ಏನನ್ನು? ವೇದಿಕೆ ಮೇಲೆ ಹಾಡುವುದನ್ನಾ, ಒಂದಷ್ಟು ಕೃತಿಗಳನ್ನಾ, ಇಲ್ಲಾ ತಾನೇ ಒಂದು ಕೃತಿ ಕಟ್ಟುವುದನ್ನಾ? ಇವು ಮೂರು ಬೇರೆ ಬೇರೆ ವಿದ್ಯೆಗಳು. ನಮ್ಮ ಕಾಲೇಜುಗಳಿಗೆ ಎರಡನೆಯದು ಚೆನ್ನಾಗಿ ಒಗ್ಗಿತು, ಮೊದಲನೆಯದು ಅರ್ಧ ಒಗ್ಗಿತು, ಮೂರನೆಯದಕ್ಕೆ ಜಾಗವೇ ಸಿಗಲಿಲ್ಲ. ಹೀಗೆ ಯಾಕಾಯಿತು ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪಾಠಕ್ರಮ ಅನ್ನುವುದು ನಮಗೆ ಹೊಸದಲ್ಲ. ಸರಳೆ, ಜಂಟಿ, ಅಲಂಕಾರ, ಪಿಳ್ಳಾರಿ ಗೀತೆ ಎಂಬ ಮೆಟ್ಟಿಲುಗಳನ್ನು ಪುರಂದರದಾಸರು ಹಾಕಿಕೊಟ್ಟರು ಎಂದು ಪರಂಪರೆ ನಂಬುತ್ತದೆ. ಇವತ್ತಿಗೂ ಬಸವನಗುಡಿಯಲ್ಲಾಗಲಿ, ಮಲ್ಲೇಶ್ವರದಲ್ಲಾಗಲಿ ಮಗುವಿನ ಮೊದಲ ಪಾಠ ಮಾಯಾಮಾಳವಗೌಳ ರಾಗದಲ್ಲೇ ಶುರುವಾಗುತ್ತದೆ. ಮೆಟ್ಟಿಲು ಮುಗಿದ ಮೇಲೆ ಮಾತ್ರ ಎಲ್ಲವೂ ಗುರುವಿಗೆ ಬಿಟ್ಟದ್ದಾಗಿತ್ತು. ಪಿಟೀಲು ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಬಳಿ 18 ವರ್ಷ ಕಲಿತರು. ಗುರುವಿನ ಮನೆಯಲ್ಲೇ ಇದ್ದು, ಕಛೇರಿಯಲ್ಲಿ ಅವರ ಜೊತೆ ಕೂತು, ಯಾವ ಸಭೆಗೆ ಯಾವ ರಾಗ, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಶಿಷ್ಯ ನೋಡಿ ನೋಡಿಯೇ ಹೀರಿಕೊಳ್ಳುತ್ತಿದ್ದ. ಇವತ್ತಿನ ಬಿಎ ಕೋರ್ಸಿಗೆ ಸಿಗುವುದು ಅದರ ಆರನೇ ಒಂದು ಪಾಲು ಕಾಲ. ಅದರಲ್ಲೂ ಭಾಷೆಯ ಪೇಪರ್, ಬೇರೆ ಐಚ್ಛಿಕ ವಿಷಯ, ಹಾಜರಾತಿ ಎಲ್ಲ ಇರುತ್ತವೆ.

ಹಾಗಂತ ಗುರುಕುಲವನ್ನು ಸುಮ್ನೆ ಹೊಗಳುತ್ತಾ ಕೂರಬಾರದು. ಆ ಮನೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಜಾತಿ ನೋಡಿ ತೆರೆಯುತ್ತಿದ್ದ ಬಾಗಿಲುಗಳೇ ಜಾಸ್ತಿ. ಹೆಣ್ಣುಮಕ್ಕಳು ವರ್ಷಗಟ್ಟಲೆ ಗುರುವಿನ ಮನೆಯಲ್ಲಿ ಉಳಿದು ಕಲಿಯುವುದು ದೂರದ ಮಾತು. ಬೆಂಗಳೂರು ನಾಗರತ್ನಮ್ಮನವರಂಥ ಮಹಾ ಗಾಯಕಿಯರು ದೇವದಾಸಿ ಮನೆತನಗಳಿಂದ ಬಂದವರು. ಅವರ ವಿದ್ಯೆಯನ್ನು ತಲೆದೂಗಿ ಕೇಳಿದ ಸಮಾಜ, ಅವರಿಗೆ ಸಮನಾದ ಗೌರವ ಕೊಡಲಿಲ್ಲ. ಸಂಗೀತ ಕಾಲೇಜಿನ ಒಳಗೆ ಬಂದಾಗ ಈ ಬೇಲಿಗಳಲ್ಲಿ ಕೆಲವಾದರೂ ಮುರಿದವು. ಅರ್ಜಿ ತುಂಬಿ ಫೀಸು ಕಟ್ಟಿದರೆ ಪಾಠ ಹೇಳಲೇಬೇಕು, ಅಲ್ವಾ? ಕಾಲೇಜಿನ ಬಗ್ಗೆ ಏನೇ ದೂರು ಹೇಳಿದರೂ ಈ ಉಪಕಾರವನ್ನು ಮರೆಯುವಂತಿಲ್ಲ.

ದೇಶದ ಬೇರೆ ಕಡೆ ಈ ಬದಲಾವಣೆ ಬೇಗ ಬಂತು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ವಿಜಯನಗರಂನಲ್ಲಿ 1919ರಲ್ಲಿ, ಚಿದಂಬರದಲ್ಲಿ 1929ರಲ್ಲಿ ಸಂಗೀತ ಕಾಲೇಜುಗಳಾದವು. ನಮ್ಮ ಮೈಸೂರು ಸಂಸ್ಥಾನಕ್ಕೆ ಅಂಥ ಅವಸರ ಇರಲಿಲ್ಲ, ಯಾಕೆಂದರೆ ಅರಮನೆಯೇ ವಿದ್ವಾಂಸರನ್ನು ಸಾಕುತ್ತಿತ್ತು. ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರ್ ಎಲ್ಲರೂ ಆ ಆಸ್ಥಾನದವರು. ಬೆಂಗಳೂರಿನಲ್ಲಿ ಜನರೇ ಸೇರಿ ಕಟ್ಟಿದ ಸಭೆಗಳು ಮುಂದೆ ಬಂದವು. ಗಾಯನ ಸಮಾಜ 1905ರಲ್ಲಿ ಹುಟ್ಟಿತು. ಚಾಮರಾಜಪೇಟೆಯ ರಾಮಸೇವಾ ಮಂಡಳಿ 1939ರಿಂದ ರಾಮನವಮಿ ಕಛೇರಿ ನಡೆಸಿಕೊಂಡು ಬಂದಿದೆ. ಕೇಳುಗರು ತಯಾರಾಗಿದ್ದರು, ಕಾಲೇಜು ಆಮೇಲೆ ಬಂತು.

ಅರಮನೆ ಸಾಕುತ್ತಿದ್ದುದು ಬರೀ ಹಾಡುಗಾರರನ್ನಲ್ಲ, ವಾಗ್ಗೇಯಕಾರರನ್ನೂ, ಅಂದರೆ ಮಾತು, ರಾಗ ಎರಡನ್ನೂ ತಾವೇ ಕಟ್ಟುವವರನ್ನೂ ಸಾಕುತ್ತಿತ್ತು. ನನ್ನ ಮಟ್ಟಿಗೆ ಇಡೀ ಕಥೆಯ ಗಂಟು ಇಲ್ಲೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಇಚ್ಛೆಯಂತೆ ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ 108 ಕೃತಿ ಕಟ್ಟಿದರು. ಆಮೇಲೆ ಬಂದ ಜಯಚಾಮರಾಜ ಒಡೆಯರ ಕಥೆ ಇನ್ನೂ ಸ್ವಾರಸ್ಯದ್ದು. ಅವರು ಪಿಯಾನೋ ಕಲಿತು, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಎಂಬ ಅರ್ಹತೆ ಪಡೆದವರು. ರಷ್ಯಾದ ಮೆಟ್ನರ್ ಎಂಬ ಸಂಗೀತಗಾರನ ರಚನೆಗಳು ರೆಕಾರ್ಡ್ ಆಗಲು ಹಣ ಕೊಟ್ಟವರು. ಅಂಥವರು ಕರ್ನಾಟಕ ಸಂಗೀತದ ಕಡೆ ತಿರುಗಿ, ವಾಸುದೇವಾಚಾರ್ಯರ ಬಳಿ ಕಲಿತು, ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದರು. ಕಟ್ಟುವುದನ್ನು ಅವರು ಕಲಿತದ್ದು ಕಟ್ಟಿ ಪಳಗಿದ ಒಬ್ಬರ ಪಕ್ಕ ಕೂತು.

ರಾಜರ ಕಾಲ ಮುಗಿದಾಗ ಈ ಪಕ್ಕದ ಜಾಗವೇ ಕಾಣೆಯಾಯಿತು. ಹಾಡುಗಾರರಿಗೆ ಸಭೆಗಳಿದ್ದವು, ಆಕಾಶವಾಣಿ ಇತ್ತು, ಅಲ್ಲಿನ ಗ್ರೇಡ್ ಇತ್ತು. ಕಲಿಸುವವರಿಗೆ ಶಾಲೆಯ ಕೆಲಸವಿತ್ತು. ಕೃತಿ ಕಟ್ಟು ಅಂತ ಸಂಬಳ ಕೊಡುವವರು ಯಾರೂ ಉಳಿಯಲಿಲ್ಲ.

ಬೆಂಗಳೂರು ವಿಶ್ವವಿದ್ಯಾಲಯ 1964ರಲ್ಲಿ ಆಯಿತು. ಮುಂದಿನ ದಶಕದಲ್ಲಿ ಅಲ್ಲಿ ಸಂಗೀತ, ನೃತ್ಯ, ನಾಟಕ ಕಲಿಸುವ ವಿಭಾಗವೂ ಬಂತು. ಅದಕ್ಕಿಂತ ಹೆಚ್ಚು ಮನೆಗಳಿಗೆ ತಲುಪಿದ್ದು ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು. ಎಸ್ಸೆಸ್ಸೆಲ್ಸಿ ನಡೆಸುವ ಮಂಡಳಿಯೇ ಬಹಳ ವರ್ಷ ಇವನ್ನೂ ನಡೆಸಿತು. ನಂತರ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಬಂತು. ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿದ್ದು ಎಲ್ಲರಿಗೂ ಗೊತ್ತು. ಈ ಏರಿಳಿತದಲ್ಲಿ ಸಂಗೀತದ ವಿದ್ಯಾರ್ಥಿಗಳೂ ಸಿಕ್ಕಿಕೊಂಡರು.

ಪರೀಕ್ಷೆ ಅಂದ ಮೇಲೆ ಅಂಕ ಕೊಡಬೇಕು. ಅಂಕ ಕೊಡಲು ಸುಲಭವಾದದ್ದು ಯಾವುದು? ಇಷ್ಟು ವರ್ಣ, ಇಷ್ಟು ಕೃತಿ, ಒಂದು ದೇವರನಾಮ, ಒಂದು ತಿಲ್ಲಾನ ಬರುತ್ತದೋ ಇಲ್ಲವೋ ಅನ್ನುವುದು. ಹೀಗೆ ಕೃತಿಗಳ ಪಟ್ಟಿಯೇ ಪಾಠದ ಬೆನ್ನೆಲುಬಾಯಿತು. ಇದರಲ್ಲಿ ಒಳ್ಳೆಯದೂ ಇದೆ. ಸ್ವರಲಿಪಿ ಓದಲು ಬಂದ ವಿದ್ಯಾರ್ಥಿ ಒಬ್ಬನೇ ಗುರುವಿನ ನೆನಪಿಗೆ ಕಟ್ಟುಬೀಳುವುದಿಲ್ಲ, ಬೇರೆ ಬೇರೆ ಪಾಠಾಂತರಗಳನ್ನು ಹೋಲಿಸಿ ನೋಡಬಲ್ಲ. ರಾಗಾಲಾಪನೆ, ನೆರವಲ್, ಕಲ್ಪನಾಸ್ವರ ಎಂಬ, ಹಾಡುಗಾರ ಆ ಕ್ಷಣಕ್ಕೆ ತಾನೇ ಕಲ್ಪಿಸಿ ಹಾಡುವ ಭಾಗಗಳೂ ಪಠ್ಯದಲ್ಲಿವೆ. ಆದರೆ ಗಂಟೆ ಹೊಡೆಯುವ ತರಗತಿಯಲ್ಲಿ ಇಪ್ಪತ್ತು ಮಂದಿ ಒಟ್ಟಿಗೆ ಕೂತು ಮನೋಧರ್ಮ ಎನ್ನುವ ಈ ಕಲ್ಪನೆಯ ವಿದ್ಯೆ ಕಲಿಯುವುದು ಕಷ್ಟ. ಒಬ್ಬೊಬ್ಬರೂ ಐದು ನಿಮಿಷ ಕಲ್ಯಾಣಿ ರಾಗ ಹಾಡಿದರೆ ಪಿರಿಯಡ್ ಮುಗಿದೇ ಹೋಗುತ್ತದೆ. ಅದಕ್ಕೇ ಕಾಲೇಜಿನಲ್ಲಿ ಓದುತ್ತಲೇ ಸಂಜೆ ಇನ್ನೊಬ್ಬ ಗುರುವಿನ ಮನೆಗೆ ಪಾಠಕ್ಕೆ ಹೋಗುವ ರೂಢಿ ಉಳಿದುಕೊಂಡಿದೆ. ಇದನ್ನು ತಪ್ಪೆಂದು ನಾನು ಹೇಳುವುದಿಲ್ಲ. ಎರಡೂ ಬೇಕು.

ರಚನೆಯ ವಿಷಯ ಹಾಗಲ್ಲ. ವಾಗ್ಗೇಯಕಾರರ ಜೀವನ, ಅಂಕಿತ, ಅವರು ಬಳಸಿದ ರಾಗಗಳು ಥಿಯರಿ ಪೇಪರಿನಲ್ಲಿ ತಪ್ಪದೆ ಬರುತ್ತವೆ. ನೀನೇ ಒಂದು ಪಲ್ಲವಿ ಕಟ್ಟಿಕೊಂಡು ಬಾ ಅನ್ನುವ ಪ್ರಶ್ನೆ ಅಪರೂಪ. ಹಾಡು ಕಟ್ಟುವುದು ದೈವದತ್ತ, ಅದನ್ನು ಕಲಿಸಲಾಗದು ಎಂಬ ನಂಬಿಕೆ ಇದರ ಹಿಂದಿದೆ. ಭಕ್ತಿಯಿಂದ ಹುಟ್ಟಿದ ನಂಬಿಕೆ ಅದು, ಗೌರವಿಸುತ್ತೇನೆ. ಆದರೂ ಒಪ್ಪಲಾರೆ.

ಯಾಕೆಂದರೆ ಪಕ್ಕದ ಮೃದಂಗದ ಕೋಣೆಯಲ್ಲಿ ದಿನವೂ ರಚನೆ ನಡೆಯುತ್ತಲೇ ಇದೆ. ಆದಿತಾಳದ ಒಂದು ಆವರ್ತಕ್ಕೆ, ಅಂದರೆ ಒಂದು ಸುತ್ತಿಗೆ, 8 ಅಕ್ಷರ, ಅಕ್ಷರಕ್ಕೆ 4 ಮಾತ್ರೆಯಂತೆ 32 ಮಾತ್ರೆ. 10 ಮಾತ್ರೆಯ ಒಂದು ಸೊಲ್ಲನ್ನು, ಅಂದರೆ ಮೃದಂಗದ ನುಡಿಯನ್ನು, ಮೂರು ಸಲ ನುಡಿಸಿ, ನಡುವೆ ಎರಡು ಕಡೆ ಒಂದೊಂದು ಮಾತ್ರೆ ಬಿಟ್ಟರೆ ಸರಿಯಾಗಿ ಸಮಕ್ಕೆ, ಅಂದರೆ ಮುಂದಿನ ಸುತ್ತಿನ ಮೊದಲ ಪೆಟ್ಟಿಗೆ, ಬಂದು ನಿಲ್ಲುತ್ತದೆ. ಆ 10 ಮಾತ್ರೆಯೊಳಗೆ ಏನು ತುಂಬಬೇಕು ಎಂದು ಯೋಚಿಸುವ ಹುಡುಗ ಆಗಲೇ ರಚನೆಗೆ ಕೈ ಹಾಕಿದ್ದಾನೆ. ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಈ ಲೆಕ್ಕಾಚಾರವನ್ನು ಹಿಡಿದುಕೊಂಡೇ ಜಾಝ್ ಸಂಗೀತಗಾರ ಚಾರ್ಲಿ ಮರಿಯಾನೊ ಜೊತೆ ಹೊಸ ಸಂಗೀತ ಕಟ್ಟಿತು.

ಇನ್ನೊಂದು ಕಾರಣ ಕನ್ನಡದ್ದೇ. ದಾಸರ ಪದಗಳಲ್ಲಿ ಬಹುಪಾಲಿನ ಮೂಲ ಮಟ್ಟು ನಮಗೆ ಉಳಿದಿಲ್ಲ. ಇವತ್ತು ನಾವು ಕೇಳುವ ದೇವರನಾಮಗಳಿಗೆ ಹೆಚ್ಚಾಗಿ ಆಮೇಲಿನವರು ರಾಗ ಹಾಕಿದ್ದಾರೆ. ವಚನಗಳ ಕಥೆಯೂ ಅದೇ. ಅಂದರೆ ಕನ್ನಡದಲ್ಲಿ ಹಾಡಬೇಕೆಂದರೆ ಯಾರೋ ಒಬ್ಬರು ಕಟ್ಟಲೇಬೇಕು. ಆ ಕೆಲಸ ನಡೆದದ್ದು ಕಾಲೇಜಿನ ಆಚೆ. ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಭಾವಗೀತೆಗೆ ರೂಪ ಕೊಟ್ಟರು. ಅಶ್ವಥ್ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಕವಿತೆಗಳಿಗೆ ರಾಗ ಹಾಕಿದವರು. ಒಂದು ಸಾಲಿನಲ್ಲಿ ಯಾವ ಪದ ಎತ್ತಬೇಕು, ಎಲ್ಲಿ ಉಸಿರು ಬಿಡಬೇಕು, ಯಾವ ಸಾಲು ಮತ್ತೆ ಬರಬೇಕು ಅನ್ನುವುದರಲ್ಲಿ ಅವರದು ದೊಡ್ಡ ಪಾಂಡಿತ್ಯ. ಸಂಗೀತ ಓದುವ ಪ್ರತಿ ಕನ್ನಡ ವಿದ್ಯಾರ್ಥಿಯೂ ಅದನ್ನು ಬಿಡಿಸಿ ನೋಡಿ ಕಲಿಯಬೇಕು ಎಂದು ನನಗೆ ತುಂಬಾ ಅನಿಸುತ್ತದೆ.

ಇದೇ ಊರಿನಲ್ಲಿ ಪಿಯಾನೋ, ಗಿಟಾರ್ ಕಲಿಯುವ ಮಕ್ಕಳು ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆ ಬರೆಯುತ್ತಾರೆ. ಅಲ್ಲೂ ಪಟ್ಟಿ ಇದೆ, ಆದರೆ ಪಟ್ಟಿಯ ಒಂದು ಕೃತಿಯ ಬದಲು ತಾನೇ ರಚಿಸಿದ್ದನ್ನು ನುಡಿಸಲು ಅವಕಾಶವೂ ಇದೆ. ನಮ್ಮಲ್ಲಿ ಶುರುಮಾಡಲು ಇಷ್ಟೇ ಸಾಕು. ಮೊದಲ ವರ್ಷ ಗೊತ್ತಿರುವ ಕೃತಿಗೆ ಒಂದು ಚಿಟ್ಟೆಸ್ವರ, ಅಂದರೆ ಅದಕ್ಕೆ ಸೇರಿಸಿ ಹಾಡುವ ಸ್ವರಗಳ ಕಟ್ಟು, ಬರೆಸಬಹುದು. ಎರಡನೇ ವರ್ಷ ಕೊಟ್ಟ ರಾಗದಲ್ಲಿ, ಸ್ವರಗಳಿಗೆ ಮಾತು ಹೊಂದಿಸಿದ ಒಂದು ಸ್ವರಜತಿ. ಕೊನೆಯ ವರ್ಷ ಬಸವಣ್ಣನ ಒಂದು ವಚನಕ್ಕೆ ರಾಗ ಹಾಕಿ ಪರೀಕ್ಷಕರ ಮುಂದೆ ಹಾಡಲಿ. ಆ ರಾಗವೇ ಯಾಕೆ, ಆ ತಾಳವೇ ಯಾಕೆ ಅಂತ ಅವರು ಕೇಳಲಿ, ಆ ಉತ್ತರಕ್ಕೂ ಅಂಕ ಇರಲಿ.