ಚಳ್ಳೆಹಣ್ಣೋ, ಕಿವಿಯ ಮೇಲಿನ ಹೂವೋ: ಠಕ್ಕರ ಸಿನಿಮಾದ ಕೊನೆಯ ತಿರುವು ಮತ್ತು ಪ್ರೇಕ್ಷಕರ ಹಳೆಯ ಜಗಳ

ಠಕ್ಕರ ಕಥೆಯ ಸಿನಿಮಾವೊಂದು ಬಿಡುಗಡೆಯಾದ ವಾರ ಹಾಸನದ ಬಿ.ಎಂ. ರಸ್ತೆಯ ಯಾವ ಹೋಟೆಲಿನಲ್ಲಿ ಕಾಫಿಗೆ ಕುಳಿತರೂ ಒಂದೇ ಚಿತ್ರದ ಬಗ್ಗೆ ಎರಡು ತೀರ್ಪುಗಳು ಕಿವಿಗೆ ಬೀಳುತ್ತವೆ. "ಕೊನೇಲಿ ಎಲ್ಲರಿಗೂ ಚಳ್ಳೆಹಣ್ಣು ತಿನ್ನಿಸಿಬಿಟ್ಟ" ಎನ್ನುವುದು ಒಂದು. "ಕಿವಿ ಮೇಲೆ ಹೂವಿಟ್ಟು ಕಳಿಸಿದ" ಎನ್ನುವುದು ಇನ್ನೊಂದು. ನಾವು ಮೋಸಹೋದೆವು ಎಂಬುದೇ ಎರಡೂ ಮಾತುಗಳ ತಿರುಳಾದರೂ ಮೊದಲನೆಯದು ಹೊಗಳಿಕೆ, ಎರಡನೆಯದು ಬೈಗುಳ. ಟೋಪಿ ಹಾಕುವುದು, ಪಂಗನಾಮ ಹಾಕುವುದು, ಮಂಕುಬೂದಿ ಎರಚುವುದು, ಯಾಮಾರಿಸುವುದು ಎಂದು ವಂಚನೆಯ ಒಂದೊಂದು ಬಗೆಗೂ ಒಂದೊಂದು ಮಾತನ್ನು ಇಟ್ಟುಕೊಂಡಿರುವ ಭಾಷೆಯ ಜನ ಈ ವ್ಯತ್ಯಾಸವನ್ನು ಸುಮ್ಮನೆ ಮಾಡುವುದಿಲ್ಲ. ಚಳ್ಳೆಹಣ್ಣು ತಿನ್ನಿಸಿದವನು ನಮಗಿಂತ ಜಾಣ. ಕಿವಿಯ ಮೇಲೆ ಹೂವಿಟ್ಟವನು ನಮ್ಮನ್ನು ದಡ್ಡರೆಂದು ತಿಳಿದವನು.

ಈ ಜಗಳ ಈಗ ಬಹಳ ಸಿಕ್ಕುಸಿಕ್ಕಾಗಿರುವುದಕ್ಕೆ ಕಾರಣ, ಅದರೊಳಗೆ ಬೇರೆಬೇರೆ ಕಾಲದಲ್ಲಿ ಹುಟ್ಟಿದ ಮೂರು ತಕರಾರುಗಳು ಕಲಸಿಹೋಗಿರುವುದು. ನಿರ್ದೇಶಕ ನಮ್ಮೊಂದಿಗೆ ನ್ಯಾಯವಾಗಿ ಆಡಿದನೇ ಎಂದು ಒಬ್ಬರು ಕೇಳುತ್ತಿದ್ದರೆ, ಠಕ್ಕನನ್ನು ಶಿಕ್ಷೆಯಿಲ್ಲದೆ ಬಿಟ್ಟದ್ದು ಸರಿಯೇ ಎಂದು ಇನ್ನೊಬ್ಬರು ಕೇಳುತ್ತಿರುತ್ತಾರೆ. ಮೂರನೆಯವರು ಚಿತ್ರ ನೋಡದವರ ಎದುರಿಗೆ ಇವೆಲ್ಲವನ್ನೂ ಮಾತನಾಡುವುದೇ ತಪ್ಪು ಎಂದು ಗದರುತ್ತಾರೆ.

ಠಕ್ಕರ ಕಥೆ ಹೊಸದಲ್ಲ. ಹೆಗಲ ಮೇಲಿನ ಮೇಕೆಯನ್ನು ನಾಯಿಯೆಂದು ನಂಬಿಸಿ ಬ್ರಾಹ್ಮಣನಿಂದ ಲಪಟಾಯಿಸಿದ ಮೂವರು ಧೂರ್ತರ ಪಂಚತಂತ್ರದ ಕಥೆಯನ್ನು ಕೇಳದ ಮಗುವಿಲ್ಲ. ಆದರೆ ಆ ಕಥೆಯಲ್ಲಿ ಧೂರ್ತರ ಹಂಚಿಕೆ ಕೇಳುಗನಿಗೆ ಮೊದಲೇ ಗೊತ್ತಿರುತ್ತದೆ. ಮೋಸಹೋಗುವವನು ಬ್ರಾಹ್ಮಣ ಮಾತ್ರ. ನಾವು ಮರದ ಮರೆಯಲ್ಲಿ ಧೂರ್ತರ ಜೊತೆಯೇ ನಿಂತು ನಗುತ್ತಿರುತ್ತೇವೆ. 1849ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ "ನಿಮ್ಮ ಗಡಿಯಾರವನ್ನು ನನಗೆ ಕೊಡುವಷ್ಟು ನಂಬಿಕೆ ಇದೆಯೇ" ಎಂದು ಅಪರಿಚಿತರನ್ನು ಕೇಳಿ ಗಡಿಯಾರದೊಂದಿಗೆ ನಡೆದುಬಿಡುತ್ತಿದ್ದವನೊಬ್ಬ ಸಿಕ್ಕಿಬಿದ್ದಾಗ, ಅಲ್ಲಿನ ಪತ್ರಿಕೆ ಅವನಿಗೆ ನಂಬಿಕೆಯ ಹೆಸರನ್ನೇ ಬಿರುದಾಗಿ ಕೊಟ್ಟಿತು. ನಮ್ಮಲ್ಲಿ ಆ ಕೆಲಸವನ್ನು 1860ರ ದಂಡ ಸಂಹಿತೆ ಮಾಡಿತು. ಅದರ 420ನೇ ಕಲಮು ಅಂಕಿಯಾಗಿ ಉಳಿಯದೆ ಮನುಷ್ಯರ ಗುಣವಾಚಕವಾಯಿತು. 2024ರ ಜುಲೈನಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಯ ಅಪರಾಧ 318ನೇ ಕಲಮಿಗೆ ಹೋಗಿದೆಯಾದರೂ ಯಾರೂ ಯಾರನ್ನೂ ಇನ್ನೂ "ತ್ರೀ ಏಟೀನ್" ಎಂದು ಬೈದದ್ದನ್ನು ನಾನು ಕೇಳಿಲ್ಲ.

ಸಿನಿಮಾದಲ್ಲಿ ಮಾತ್ರ ಠಕ್ಕ ಬಹುಕಾಲ ಗೆಲ್ಲುವ ಹಾಗಿರಲಿಲ್ಲ. 1934ರಿಂದ ಕಟ್ಟುನಿಟ್ಟಾಗಿ ಜಾರಿಯಲ್ಲಿದ್ದು 1968ರಲ್ಲಿ ಕೊನೆಗೊಂಡ ಹಾಲಿವುಡ್ಡಿನ ನಿಯಮಾವಳಿ, ಪ್ರೇಕ್ಷಕರ ಸಹಾನುಭೂತಿ ಅಪರಾಧಿಯ ಕಡೆಗೆ ವಾಲಬಾರದು ಎನ್ನುತ್ತಿತ್ತು. 1973ರಲ್ಲಿ 'ದಿ ಸ್ಟಿಂಗ್' ಬಂದದ್ದು ಆ ಬೇಲಿ ಬಿದ್ದ ಐದು ವರ್ಷಕ್ಕೆ. ಅದರ ಕೊನೆಯಲ್ಲಿ ಪೊಲೀಸರು ನುಗ್ಗುತ್ತಾರೆ, ಗುಂಡು ಹಾರುತ್ತದೆ, ಇಬ್ಬರು ನಾಯಕರೂ ನೆಲಕ್ಕುರುಳುತ್ತಾರೆ. ದುಡ್ಡು ಕಳೆದುಕೊಂಡ ಖಳನಾಯಕನನ್ನು ಹೊರಗೆ ಸಾಗಿಸಿದ ಮೇಲೆ ಸತ್ತವರು ಎದ್ದು ಕೂರುತ್ತಾರೆ. ನುಗ್ಗಿದ ಅಧಿಕಾರಿಗಳೂ ಠಕ್ಕರ ಕಡೆಯವರೇ. (ಇನ್ನೂ ನೋಡದವರು ಕ್ಷಮಿಸಬೇಕು, ಐವತ್ತು ವರ್ಷ ಗುಟ್ಟನ್ನು ಕಾಪಾಡಿದ್ದು ಸಾಕೆನಿಸುತ್ತದೆ.) ಕೊನೆಗೆ ಪೊಲೀಸರು ಬಂದು ಅಪರಾಧಿಯನ್ನು ಹಿಡಿಯುತ್ತಾರೆ ಎಂಬ ನಮ್ಮ ರೂಢಿಯ ನಂಬಿಕೆಯನ್ನೇ ಇಲ್ಲಿ ಗಾಳವಾಗಿ ಬಳಸಿದ್ದರು. ಮೇಕೆಯ ಕಥೆಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಹಳೆಯ ಕಥೆ ಬ್ರಾಹ್ಮಣನನ್ನು ಬಕರಾ ಮಾಡಿತು, ಹೊಸ ಸಿನಿಮಾ ಟಿಕೆಟ್ಟು ಕೊಂಡವನನ್ನೂ ಮಾಡಿತು.

ಭಾರತದ ಸೆನ್ಸಾರಿನ ದಾರಿ ಬೇರೆ. 1991ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ, ಈಗಲೂ ಉಲ್ಲೇಖವಾಗುವ ಮಾರ್ಗಸೂಚಿಯಲ್ಲಿ ಅಪರಾಧಕ್ಕೆ ಪ್ರಚೋದಿಸುವಂತೆ ಅಪರಾಧಿಗಳ ಕಾರ್ಯವಿಧಾನವನ್ನು ತೋರಿಸಬಾರದು ಎಂಬ ಮಾತಿದೆ. ಕಾರ್ಯವಿಧಾನವೇ ಕಥೆಯಾಗಿರುವ ಠಕ್ಕರ ಸಿನಿಮಾಕ್ಕೆ ಇದನ್ನು ಅಕ್ಷರಶಃ ಅನ್ವಯಿಸಿದರೆ ಉಳಿಯುವುದು ಹೆಸರುಪಟ್ಟಿ ಮತ್ತು ಎರಡು ಹಾಡು. ಹಾಗೆ ಯಾರೂ ಅನ್ವಯಿಸಲಿಲ್ಲ ಎನ್ನುವುದು ಬೇರೆ ಮಾತು.

ಹಾಸನದಂಥ ಊರಿನಲ್ಲಿ ಈ ಜಗಳ ತನ್ನದೇ ರೂಪ ಪಡೆದದ್ದು ರೀಲು ಪೆಟ್ಟಿಗೆಗಳ ಕಾಲದಲ್ಲಿ. ಬೆಂಗಳೂರು ಇಲ್ಲಿಂದ ನೂರೆಂಬತ್ತು ಚಿಲ್ಲರೆ ಕಿಲೋಮೀಟರು. ಕೆಂಪೇಗೌಡ ರಸ್ತೆಯಲ್ಲಿ ಬಿಡುಗಡೆಯಾದ ಚಿತ್ರದ ಪ್ರಿಂಟುಗಳು ಎಣಿಕೆಯವಾಗಿದ್ದುದರಿಂದ ಅವು ಜಿಲ್ಲಾ ಕೇಂದ್ರಕ್ಕೆ ವಾರಗಟ್ಟಲೆ ತಡವಾಗಿ, ಅಲ್ಲಿಂದ ಹೋಬಳಿಯ ಟೆಂಟಿಗೆ ತಿಂಗಳುಗಟ್ಟಲೆ ತಡವಾಗಿ, ಮೈಯೆಲ್ಲ ಗೀರು ಬಿದ್ದ ಮೇಲೆ ಬರುತ್ತಿದ್ದವು. ಆದರೆ ಕೊನೆಯ ತಿರುವಿಗೆ ಪ್ರಿಂಟು ಬೇಕಿರಲಿಲ್ಲ. ಬೆಂಗಳೂರಿನಲ್ಲಿ ಓದುವ ಹುಡುಗನೊಬ್ಬ ಶನಿವಾರ ರಾತ್ರಿಯ ಬಸ್ಸಿನಲ್ಲಿ ಊರಿಗೆ ಬಂದರೆ ಸಾಕು, ಭಾನುವಾರ ಮಧ್ಯಾಹ್ನದ ಹೊತ್ತಿಗೆ ಯಾರು ಸಾಯಲಿಲ್ಲ, ದುಡ್ಡಿನ ಪೆಟ್ಟಿಗೆಯಲ್ಲಿ ನಿಜವಾಗಿ ಏನಿತ್ತು ಎಂಬುದೆಲ್ಲ ಅರಳಿಕಟ್ಟೆಯ ಮೇಲೆ ಇತ್ಯರ್ಥವಾಗಿರುತ್ತಿತ್ತು. ಸಿನಿಮಾಕ್ಕಿಂತ ಮೊದಲು ಅದರ ಗುಟ್ಟು ಊರಿಗೆ ಬರುತ್ತಿತ್ತು. ಅದಕ್ಕಾಗಿ ಯಾರೂ ಯಾರ ಮೇಲೂ ಮುನಿಸಿಕೊಂಡದ್ದು ನನಗೆ ನೆನಪಿಲ್ಲ. ಕೊನೆ ಗೊತ್ತಿದ್ದವನು ಟೆಂಟಿನಲ್ಲಿ ದೊಡ್ಡ ಮನುಷ್ಯನಾಗುತ್ತಿದ್ದ, ಅಷ್ಟೆ.

ಗುಟ್ಟು ಕಾಪಾಡುವ ಪ್ರಯತ್ನಗಳೂ ಇದ್ದವು. ಫ್ರಾನ್ಸಿನಲ್ಲಿ 1955ರ ಒಂದು ಚಿತ್ರ ಮುಗಿದೊಡನೆ, ನೀವು ಕಂಡದ್ದನ್ನು ಸ್ನೇಹಿತರಿಗೆ ಹೇಳಿ ಅವರ ಆಸಕ್ತಿ ಕೆಡಿಸಬೇಡಿ ಎಂಬ ವಿನಂತಿ ಪರದೆಯ ಮೇಲೆ ಬರುತ್ತಿತ್ತು. ನಮ್ಮಲ್ಲಿ ಆ ವಿನಂತಿ ಇದ್ದದ್ದು ಟೆಂಟಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕದಲ್ಲಿ. ತೆಳುವಾದ ಬಣ್ಣದ ಕಾಗದದ ಆ ಪುಸ್ತಕದ ಮೊದಲ ಪುಟದಲ್ಲಿ ಕಥಾಸಾರಾಂಶ ಇರುತ್ತಿತ್ತು. ನಾಯಕ ಅಪಾಯದ ಅಂಚಿಗೆ ಬಂದ ಕ್ಷಣಕ್ಕೆ ಸರಿಯಾಗಿ ಅದು ನಿಂತು, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಎಂದು ಮುಗಿಯುತ್ತಿತ್ತು. 1989ರಲ್ಲಿ ಸುನೀಲ್ ಕುಮಾರ್ ದೇಸಾಯಿಯವರ 'ತರ್ಕ' ಹಾಡುಗಳೇ ಇಲ್ಲದೆ ಬಂದಾಗ, ಹಾಡಿನ ಪುಸ್ತಕ ಮಾರುವವರಿಗೆ ಎಷ್ಟು ನಷ್ಟವೋ ಹಾಡು ಬಂದಾಗ ಬೀಡಿ ಸೇದಲು ಎದ್ದುಹೋಗುತ್ತಿದ್ದವರಿಗೆ ಅಷ್ಟೇ ಕಷ್ಟವಾಯಿತು. ಅದು ಠಕ್ಕರ ಕಥೆಯಲ್ಲ. ಆದರೂ ಒಂದು ನಿಮಿಷ ಹೊರಗೆ ಹೋದರೆ ಸುಳಿವು ತಪ್ಪುತ್ತದೆ ಎಂಬ ಶಿಸ್ತನ್ನು ನಮ್ಮ ಕಡೆಯ ಪ್ರೇಕ್ಷಕರಿಗೆ ಕಲಿಸಿದ ಚಿತ್ರಗಳಲ್ಲಿ ಅದೂ ಒಂದು.

ಟೆಂಟಿನ ವ್ಯವಸ್ಥೆಯೇ ತಿರುವಿನ ಸಿನಿಮಾವನ್ನು ಬೇರೆ ಥರ ಮಾಡುತ್ತಿತ್ತು. ಸಾವಿರ ಅಡಿಯ ರೀಲು ಓಡುವುದು ಸುಮಾರು 11 ನಿಮಿಷ. ಒಂದೇ ಪ್ರೊಜೆಕ್ಟರ್ ಇದ್ದ ಕಡೆ ರೀಲು ಬದಲಿಸಲು ಒಂದಕ್ಕಿಂತ ಹೆಚ್ಚು ಸಲ ದೀಪ ಹಾಕಲೇಬೇಕಾಗಿತ್ತು. ದೀಪ ಹತ್ತಿದ ಕೂಡಲೇ ನೆಲದವರು, ಬೆಂಚಿನವರು, ಕುರ್ಚಿಯವರು ಎಂಬ ಭೇದವಿಲ್ಲದೆ ಊಹೆಗಳು ಹಾರಾಡುತ್ತಿದ್ದವು. ಆ ಮುದುಕ ನಿಜವಾಗಿ ಕುರುಡನಲ್ಲ ಎಂದು ಒಬ್ಬ, ಅಣ್ಣನೇ ತಮ್ಮನ ವೇಷದಲ್ಲಿ ಬಂದಿದ್ದಾನೆ ಎಂದು ಇನ್ನೊಬ್ಬ. ನಿರ್ದೇಶಕ ಎಣಿಸದ ಜಾಗದಲ್ಲಿ ಪ್ರೇಕ್ಷಕನಿಗೆ ಯೋಚಿಸಲು ಬಿಡುವು ಸಿಗುತ್ತಿತ್ತು, ಮತ್ತು ಯೋಚಿಸಲು ಬಿಟ್ಟರೆ ಕುಸಿಯುವ ತಿರುವುಗಳು ಅಲ್ಲಿಯೇ ಕುಸಿಯುತ್ತಿದ್ದವು.

ಅರಸೀಕೆರೆ ಕಡೆಯ ಒಂದು ಟೆಂಟಿನಲ್ಲಿ ಹುಡುಗನಾಗಿದ್ದಾಗ ಕಂಡದ್ದನ್ನು ಇಲ್ಲಿ ಹೇಳಬೇಕು. ವಂಚಕರ ಗುಂಪಿನ ಕಥೆಯ ಚಿತ್ರವೊಂದರಲ್ಲಿ ಕೊನೆಯ ಎರಡು ರೀಲುಗಳು ಅದಲುಬದಲಾಗಿ, ಗುಂಡೇಟಿಗೆ ಸಾಯಬೇಕಾದವನು ಮೊದಲು ತೋಟದ ಮನೆಯಲ್ಲಿ ಕುಳಿತು ನೋಟು ಎಣಿಸಿದ, ಆಮೇಲೆ ಗುಂಡು ತಿಂದು ಸತ್ತ. ಗಲಾಟೆಯಾಗಲಿಲ್ಲ. ಟೆಂಟಿನ ಅರ್ಧಕ್ಕರ್ಧ ಜನ, ದುಡ್ಡು ಸಿಕ್ಕ ಮೇಲೆ ಜೊತೆಗಾರರೇ ಅವನನ್ನು ಮುಗಿಸಿದರು ಎಂದು ಅರ್ಥಮಾಡಿಕೊಂಡು, ಇದಪ್ಪಾ ತಿರುವು ಎಂದು ಮೆಚ್ಚಿಕೊಂಡು ಮನೆಗೆ ಹೋದರು. ಜಿಲ್ಲಾ ಕೇಂದ್ರದಲ್ಲಿ ಅದೇ ಚಿತ್ರವನ್ನು ಸರಿಯಾದ ಕ್ರಮದಲ್ಲಿ ನೋಡಿ ಬಂದಿದ್ದ ಮೇಷ್ಟರೊಬ್ಬರು ಎಷ್ಟು ಹೇಳಿದರೂ ಊರು ಒಪ್ಪಲಿಲ್ಲ. ನನಗೆ ಈಗಲೂ ಊರಿನ ಕಥೆಯೇ ಹೆಚ್ಚು ಗಟ್ಟಿ ಎನಿಸುತ್ತದೆ, ಏಕೆಂದರೆ ಜೊತೆಗಾರರು ಒಬ್ಬರನ್ನೊಬ್ಬರು ನಂಬುವುದಿಲ್ಲ ಎಂಬುದಕ್ಕೆ ಹಿಂದಿನ ರೀಲುಗಳಲ್ಲಿ ಸಾಕ್ಷಿಯಿತ್ತು, ಸತ್ತವನು ಬದುಕಿ ಬರುವುದಕ್ಕೆ ಇರಲಿಲ್ಲ.

ಸಾಕ್ಷಿಯ ಈ ಪ್ರಶ್ನೆಯೇ ಜಗಳದ ಹಳೆಯ ಬೇರು. 1929ರಲ್ಲಿ ಇಂಗ್ಲೆಂಡಿನ ಪಾದ್ರಿ ಮತ್ತು ಪತ್ತೇದಾರಿ ಕಥೆಗಾರ ರೊನಾಲ್ಡ್ ನಾಕ್ಸ್, ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಓದುಗನಿಂದ ಮುಚ್ಚಿಡಬಾರದು ಎಂಬುದನ್ನೂ ಸೇರಿಸಿ ಹತ್ತು ಕಟ್ಟಳೆಗಳನ್ನು ಬರೆದರು. ಸಿನಿಮಾದಲ್ಲಿ ಅದು ದೊಡ್ಡ ತಕರಾರಾದದ್ದು 1950ರ 'ಸ್ಟೇಜ್ ಫ್ರೈಟ್' ಚಿತ್ರದಿಂದ. ಅದರ ಆರಂಭದಲ್ಲಿ ಒಬ್ಬ ಪಾತ್ರ ಹೇಳುವ ಹಿಂದಿನ ಕಥೆಯನ್ನು ಪರದೆಯ ಮೇಲೆ ಕಣ್ಣಾರೆ ತೋರಿಸಿ, ಕೊನೆಗೆ ಅದು ಸುಳ್ಳೆಂದು ಬಯಲುಮಾಡುತ್ತಾರೆ. ಬಾಯಿ ಸುಳ್ಳು ಹೇಳಬಹುದು, ಕ್ಯಾಮೆರಾ ಹೇಳಬಾರದು ಎಂದು ಪ್ರೇಕ್ಷಕರು ಸಿಟ್ಟಾದರು. ಆ ಸುಳ್ಳು ಹಿಂದಿನ ಕಥೆ ತಮ್ಮ ತಪ್ಪೆಂದು ನಿರ್ದೇಶಕ ಹಿಚ್‌ಕಾಕ್ ಅವರೇ ಮುಂದೆ ಒಪ್ಪಿಕೊಂಡರು. ಅದೇ ತಂತ್ರವನ್ನು ಬಹುಪಾಲು ಚಿತ್ರದುದ್ದಕ್ಕೂ ಹರಡಿದ 'ದಿ ಯೂಶುಯಲ್ ಸಸ್ಪೆಕ್ಟ್ಸ್' 1995ರಲ್ಲಿ ಬಂದಾಗ ಅದರ ಚಿತ್ರಕಥೆಗೆ ಆಸ್ಕರ್ ಸಿಕ್ಕಿತು. ನಲವತ್ತೈದು ವರ್ಷಗಳಲ್ಲಿ ಬದಲಾದದ್ದು ತಂತ್ರವಲ್ಲ, ಪ್ರೇಕ್ಷಕರ ಸಹನೆ. ಆ ಸಹನೆಯನ್ನು ಅನಂತರದ ಅನೇಕ ಚಿತ್ರಗಳು ಸಾಲದಂತೆ ಬಳಸಿಕೊಂಡವು ಎಂಬ ಅಸಮಾಧಾನ ನಮ್ಮ ಹೋಟೆಲು ಮೇಜುಗಳಲ್ಲಿ ಈಗ ಕೇಳಿಬರುವಂಥದ್ದು. ಕೊನೆಯ ಹತ್ತು ನಿಮಿಷದಲ್ಲಿ ಹಿನ್ನೆಲೆ ಸಂಗೀತ ಏರಿಸಿ, ನಾವು ನೋಡೇ ಇರದ ದೃಶ್ಯಗಳನ್ನು ಒಂದರ ಹಿಂದೊಂದು ತೋರಿಸಿ, ಇದೆಲ್ಲ ಮೊದಲೇ ಯೋಜಿಸಿದ್ದು ಎಂದುಬಿಡುವುದು ಸುಲಭ. ಮೊದಲು ತೋರಿಸಿದ್ದ ದೃಶ್ಯಕ್ಕೇ ಹೊಸ ಅರ್ಥ ಬರುವಂತೆ ಮಾಡುವುದು ಕಷ್ಟ.

2013ರ 'ಸ್ಪೆಷಲ್ 26' ಈ ದೃಷ್ಟಿಯಿಂದ ಉಪಯುಕ್ತ ಉದಾಹರಣೆ. 1987ರ ಮಾರ್ಚಿನಲ್ಲಿ ಮುಂಬಯಿಯ ಒಪೆರಾ ಹೌಸ್ ಬಳಿಯ ಒಡವೆ ಅಂಗಡಿಯನ್ನು ನಕಲಿ ಸಿಬಿಐ ಅಧಿಕಾರಿಗಳ ತಂಡ ದೋಚಿದ ನಿಜ ಘಟನೆ ಅದರ ಮೂಲ. ಆ ತಂಡದ ನಾಯಕ ಕೊನೆಗೂ ಸಿಗಲಿಲ್ಲ. ಚಿತ್ರದಲ್ಲಿ ಠಕ್ಕರ ಬೆನ್ನುಹತ್ತುವ ಪೊಲೀಸನೇ ಅವರ ಕಡೆಯವನೆಂದು ತಿಳಿದಾಗ ಹಾಸನದಲ್ಲಿಯೂ ಅಭಿಪ್ರಾಯ ಒಡೆಯಿತು. ಆ ಪಾತ್ರದ ಹಿಂದಿನ ನಡವಳಿಕೆಗೆ ಇದು ಹೊಂದುತ್ತದೆ ಎಂದವರು ಚಿತ್ರವನ್ನು ಎರಡನೆಯ ಸಲ ನೋಡಿದರು. ಒಬ್ಬನೇ ಇರುವಾಗಲೂ ಅವನು ಏಕೆ ನಟಿಸುತ್ತಿದ್ದ ಎಂದು ಕೇಳಿದವರಿಗೆ ಒಂದೇ ಸಲ ಸಾಕಾಯಿತು. ಈ ಎರಡನೆಯ ಪ್ರಶ್ನೆಗೆ ತೃಪ್ತಿಕರವಾದ ಉತ್ತರವನ್ನು ನಾನಂತೂ ಕೇಳಿಲ್ಲ.

ಗುಟ್ಟು ಹೇಳಬಾರದೆಂಬ ಮೂರನೆಯ ತಕರಾರು ಬಲಿತದ್ದು 2010ರ ದಶಕದಲ್ಲಿ, ರೀಲು ಪೆಟ್ಟಿಗೆ ಹೋಗಿ ಡಿಜಿಟಲ್ ಪ್ರದರ್ಶನ ಬಂದು, ಬೆಂಗಳೂರಿನ ಶುಕ್ರವಾರವೇ ಹಾಸನದ ಶುಕ್ರವಾರವೂ ಆದ ಮೇಲೆ. ಎಲ್ಲರೂ ಒಂದೇ ದಿನ ನೋಡಬಹುದಾದಾಗ ಒಂದು ದಿನ ತಡವಾದವನೂ ವಂಚಿತನಾದ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಇಬ್ಬರು ಮನೋವಿಜ್ಞಾನಿಗಳು 12 ಸಣ್ಣಕಥೆಗಳನ್ನು ಓದಿಸಿ ನೋಡಿದಾಗ, ಕೊನೆ ಮೊದಲೇ ಗೊತ್ತಿದ್ದವರು ಕಥೆಯನ್ನು ಹೆಚ್ಚು ಮೆಚ್ಚಿಕೊಂಡಿದ್ದರು. ಅರಳಿಕಟ್ಟೆಯ ನೆನಪಿರುವವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಆಮೇಲಿನ ಕೆಲವು ಅಧ್ಯಯನಗಳು ಇದಕ್ಕೆ ವಿರುದ್ಧವಾದುದನ್ನೂ ಕಂಡಿವೆ, ಮತ್ತು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಕೊನೆಯನ್ನು ಬರೆದುಹಾಕಿದ ಭಾವಮೈದುನನನ್ನು ಯಾವ ಅಧ್ಯಯನವೂ ಕಾಪಾಡಲಾರದು.

ಇವೆಲ್ಲಕ್ಕಿಂತ ಈಚಿನದು, ಇನ್ನೂ ಸರಿಯಾಗಿ ಮಾತಿಗೆ ಸಿಕ್ಕದ ಬದಲಾವಣೆ. ಠಕ್ಕರ ಸಿನಿಮಾವನ್ನು ಆನಂದಿಸಲು ಮೋಸಹೋಗುವವನು ಬೇರೆ ಯಾರೋ ಆಗಿರಬೇಕು, ಸಾಧ್ಯವಾದರೆ ದುರಾಸೆಯ ಶ್ರೀಮಂತನಾಗಿರಬೇಕು. ಈಗ ಪೊಲೀಸ್ ಸಮವಸ್ತ್ರ ತೊಟ್ಟವನು ವಿಡಿಯೊ ಕರೆಯಲ್ಲಿ ಬಂದು, ನಿಮ್ಮನ್ನು ಡಿಜಿಟಲ್ ಬಂಧನದಲ್ಲಿ ಇಟ್ಟಿದ್ದೇವೆ ಎಂದು ಹೆದರಿಸಿ ನಿವೃತ್ತ ನೌಕರರ ಉಳಿತಾಯವನ್ನು ದೋಚುತ್ತಿದ್ದಾನೆ. ದೂರು ಕೊಡಬೇಕಾದ 1930 ಎಂಬ ಸಂಖ್ಯೆ 420ರಷ್ಟೇ ಬಾಯಿಪಾಠವಾಗುತ್ತಿದೆ. ನಕಲಿ ಅಧಿಕಾರಿಯ ತಿರುವು ಪರದೆಯ ಮೇಲೆ ಬಂದಾಗ ಹಿಂದೆ ಬೀಳುತ್ತಿದ್ದಷ್ಟು ಶಿಳ್ಳೆ ಈಗ ಬೀಳುವುದಿಲ್ಲ.

ಈಚೆಗೆ ನಮ್ಮ ಬೀದಿಯ ಹಿರಿಯರೊಬ್ಬರು ಮಕ್ಕಳ ಒತ್ತಾಯಕ್ಕೆ ಇಂಥದೇ ಒಂದು ಚಿತ್ರಕ್ಕೆ ಹೋಗಿಬಂದರು. ಅವರೂ ಅಂಥದೊಂದು ಕರೆಗೆ ಸಿಕ್ಕಿ ದುಡ್ಡು ಕಳೆದುಕೊಂಡವರು. ಹೇಗಿತ್ತು ಎಂದು ಕೇಳಿದೆ. "ಕೊನೇಲಿ ಆ ಪೊಲೀಸ್ ಸುಳ್ಳು ಪೊಲೀಸ್ ಅಂತ ಎಲ್ಲರೂ ಬೆಚ್ಚಿಬಿದ್ರು ಕಣಪ್ಪ," ಎಂದರು. "ನನಗೆ ಅವನು ಬಾಯಿ ತೆಗೆದಾಗಲೇ ಗೊತ್ತಾಗಿತ್ತು."